ಸ್ವಂತ ದನಿ ಅರಸಿದ ರೋಣದ ಭೀಮಸೇನ

ಹಿಂದೂಸ್ತಾನಿ ಸಂಗೀತದ ಮೇರು ಗಾಯಕ ಪಂಡಿತ ಭೀಮಸೇನ ಜೋಶಿ ಜನಿಸಿದ್ದು ಇಂದಿನ ಗದಗ ಜಿಲ್ಲೆಯ ರೋಣದಲ್ಲಿ, 1922ರ ಫೆಬ್ರುವರಿ 4ರಂದು. ತಂದೆ ಗುರುರಾಜ ಜೋಶಿ ಶಾಲಾ ಶಿಕ್ಷಕರು.

ಉಸ್ತಾದ್ ಅಬ್ದುಲ್ ಕರೀಂ ಖಾನರ ಝಿಂಝೋಟಿ ಠುಮ್ರಿಯ ಧ್ವನಿಮುದ್ರಿಕೆ ಬಾಲಕನ ಮನಸ್ಸನ್ನು ಸೆರೆಹಿಡಿಯಿತು. ಅಂತೆಯೇ ಹಾಡಬೇಕೆಂಬ ಹಂಬಲದಿಂದ ಗುರುವನ್ನು ಅರಸಿ 1933ರಲ್ಲಿ, 11ನೆಯ ವಯಸ್ಸಿನಲ್ಲಿ ಮನೆ ತೊರೆದರು. ಕೈಯಲ್ಲಿ ಕಾಸಿಲ್ಲದೆ ಗ್ವಾಲಿಯರ್, ಕೋಲ್ಕತ್ತಾ, ರಾಂಪುರಗಳನ್ನು ಅಲೆದರು. ಕೊನೆಗೆ ಜಲಂಧರಿನಲ್ಲಿ ಮಗನನ್ನು ಪತ್ತೆಹಚ್ಚಿದ ತಂದೆ ಊರಿಗೆ ಕರೆತಂದರು.

ದೇಶವಿಡೀ ಹುಡುಕಿದ ಗುರು ದೊರೆತದ್ದು ಸಮೀಪದ ಕುಂದಗೋಳದಲ್ಲಿ. ಕರೀಂ ಖಾನರ ಶಿಷ್ಯರೇ ಆದ ಸವಾಯಿ ಗಂಧರ್ವರು 1936ರಲ್ಲಿ ಪಾಠ ಆರಂಭಿಸಿದರು. ಗುರುಗೃಹದ ಚಾಕರಿ ಮತ್ತು ಕಠಿಣ ಸಾಧನೆ 1940ರವರೆಗೂ ಜೊತೆಯಾಗಿ ಸಾಗಿದವು.

ಅನುಕರಣೆಯಲ್ಲಿಯೇ ನಿಂತಿದ್ದರೆ ಅವರು ಕಿರಾಣಾ ಘರಾಣೆಯ ಮತ್ತೊಬ್ಬ ಗಾಯಕರಷ್ಟೇ ಆಗಿ ಉಳಿಯುತ್ತಿದ್ದರು. ಆ ಘರಾಣೆಯ ನಿಧಾನಗತಿಯ ಸ್ವರವಿಸ್ತಾರವನ್ನು ಬಿಡದೆ, ಕೇಸರಬಾಯಿ ಕೇರ್ಕರ್, ಅಮೀರ್ ಖಾನ್ ಮೊದಲಾದವರ ಗಾಯನದಿಂದ ಬೇಕಾದುದನ್ನು ಅರಗಿಸಿಕೊಂಡರು. ಗುರುವಿನ ಕೋಮಲ ಶೈಲಿಗೆ ತಮ್ಮ ಗುಡುಗಿನಂಥ ತಾನುಗಳನ್ನು ಬೆಸೆದರು. ಕಲಾವತಿ ಮತ್ತು ರಾಗೇಶ್ರೀ ರಾಗಗಳು ಬೆರೆತ ಕಲಾಶ್ರೀ ಅವರದೇ ಸೃಷ್ಟಿ.

ದಾಸರ ಪದಗಳನ್ನೂ ಮರಾಠಿ ಅಭಂಗಗಳನ್ನೂ ಸಮಾನ ಭಕ್ತಿಯಿಂದ ಹಾಡಿ, ಎರಡೂ ನಾಡುಗಳ ಮನೆಮಾತಾದರು. ಗುರುವಿನ ಸ್ಮರಣೆಗಾಗಿ 1953ರಲ್ಲಿ ಪುಣೆಯಲ್ಲಿ ಆರಂಭವಾದ ಸಂಗೀತೋತ್ಸವವನ್ನು ದಶಕಗಳ ಕಾಲ ಮುನ್ನಡೆಸಿದರು. 2008ರಲ್ಲಿ ಭಾರತರತ್ನ ಗೌರವ ಘೋಷಣೆಯಾಯಿತು. 2011ರ ಜನವರಿ 24ರಂದು ಪುಣೆಯಲ್ಲಿ ನಿಧನರಾದರು. ಧ್ವನಿಮುದ್ರಿಕೆಯೊಂದನ್ನು ಕೇಳಿ ಮನೆಬಿಟ್ಟ ಹುಡುಗನ ಧ್ವನಿಮುದ್ರಿಕೆಗಳೇ ಇಂದು ಹೊಸ ಗಾಯಕರಿಗೆ ಪಾಠ.