ಕೆ. ಚೆಂಗಲರಾಯ ರೆಡ್ಡಿಯವರ ಚರಿತ್ರೆ

ಮೈಸೂರು ಸೀಮೆಯ ಆಳಿಕೆಯು ಅರಸರ ಕೈಯಿಂದ ಪ್ರಜೆಗಳ ಕೈಗೆ ಬಂದ ಸಂಗತಿಯನ್ನು ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ ತಾಲ್ಲೂಕುಗಳ ನಮ್ಮ ಸಭೆಗಳವರು ಹಿರಿಯರ ಬಾಯಿಂದ ಅಷ್ಟಿಷ್ಟು ಕೇಳಿರಬಹುದು. ಆ ಕಾರ್ಯದಲ್ಲಿ ಮುಂದಾಳಾಗಿದ್ದ ಕ್ಯಾಸಂಬಳ್ಳಿ ಚೆಂಗಲರಾಯ ರೆಡ್ಡಿಯವರ ಚರಿತ್ರೆಯನ್ನು ಈ ತಿಂಗಳು ಸಂಕ್ಷೇಪವಾಗಿ ಬರೆಯುತ್ತೇವೆ. ಅವರು ಕ್ರೈಸ್ತರಲ್ಲ; ಆದರೂ ಅವರ ಪ್ರಯಾಸದ ಫಲವನ್ನು ನಮ್ಮ ಜನರೂ ಉಣ್ಣುತ್ತಿರುವುದರಿಂದ ಅವರನ್ನು ಅರಿಯುವುದು ಯೋಗ್ಯವೆಂದು ನಮಗೆ ತೋರುತ್ತದೆ.

ರೆಡ್ಡಿಯವರು 1902ನೆಯ ಇಸವಿ ಮೇ ತಿಂಗಳಲ್ಲಿ ಕೋಲಾರ ಜಿಲ್ಲೆಯಲ್ಲಿ ಹುಟ್ಟಿ, ನ್ಯಾಯಶಾಸ್ತ್ರವನ್ನು ಓದಿದರು. ಆ ಕಾಲದಲ್ಲಿ ಮೈಸೂರಿನಲ್ಲಿ ಪ್ರಜಾಪ್ರತಿನಿಧಿ ಸಭೆಯೆಂಬುದು 1881ರಿಂದಲೂ ಇದ್ದಿತು. ಅದರ ಸದಸ್ಯರು ತಮ್ಮ ಕಷ್ಟಗಳನ್ನು ಅರಿಕೆಮಾಡಿಕೊಳ್ಳಬಹುದಾಗಿತ್ತೇ ಹೊರತು ದಿವಾನರನ್ನು ತೆಗೆಯುವ ಅಧಿಕಾರ ಅವರಿಗಿರಲಿಲ್ಲ. ದಿವಾನರು ಲೆಕ್ಕ ಒಪ್ಪಿಸಬೇಕಾದದ್ದು ಮಹಾರಾಜರಿಗೆ. ಮತ ಕೊಡುವ ಹಕ್ಕಾದರೋ ಆಸ್ತಿ, ಕಂದಾಯ, ವಿದ್ಯೆಗಳುಳ್ಳವರಿಗೆ ಮಾತ್ರ. ಅಂಗೈಯಗಲ ಹೊಲವಿಲ್ಲದ ಕೂಲಿಯವನಿಗೆ ಅಲ್ಲಿ ಬಾಯಿಲ್ಲ. ನಮ್ಮ ಸಭೆಗಳಲ್ಲಿ ಎಷ್ಟೋ ಕುಟುಂಬಗಳು ಅಂಥ ಕೂಲಿಯವರ ಸಂತಾನವೆಂಬುದನ್ನು ಮರೆಯಲಾಗದು.

ರೆಡ್ಡಿಯವರು ಮೊದಲು ಬ್ರಾಹ್ಮಣೇತರರ ಪಕ್ಷದಲ್ಲಿದ್ದು ಪ್ರಜಾಪಕ್ಷವೆಂಬುದನ್ನು ಕಟ್ಟಿದವರಲ್ಲಿ ಒಬ್ಬರು. ಜಾತಿಗೊಂದು ಪಕ್ಷವಾದರೆ ಸರ್ಕಾರಕ್ಕೇ ಅನುಕೂಲವೆಂದು ಕಂಡು, 1937ರಲ್ಲಿ ತಮ್ಮ ಪಕ್ಷವನ್ನು ಕಾಂಗ್ರೆಸ್ಸಿನಲ್ಲಿ ಸೇರಿಸಿಬಿಟ್ಟರು. ತಾನೇ ಕಟ್ಟಿದ ಮನೆಯನ್ನು ಕೆಡವಿ ದೊಡ್ಡ ಮನೆಗೆ ಸೇರುವುದು ನಾಯಕರಿಗೆ ಸುಲಭವಲ್ಲ. ಅವರ ಬಾಳಿನಲ್ಲಿ ಇದೇ ಮೇಲಾದ ಕಾರ್ಯವೆಂದು ನಾವು ಎಣಿಸುತ್ತೇವೆ.

1938ರ ಏಪ್ರಿಲ್ ತಿಂಗಳಲ್ಲಿ ಮದ್ದೂರಿನ ಬಳಿಯ ಶಿವಪುರದಲ್ಲಿ ಮೈಸೂರು ಕಾಂಗ್ರೆಸ್ಸಿನ ಅಧಿವೇಶನ ಕೂಡಿತು. ಅಧ್ಯಕ್ಷರು ಟಿ. ಸಿದ್ದಲಿಂಗಯ್ಯನವರು. ಧ್ವಜವನ್ನು ಏರಿಸಕೂಡದೆಂಬ ಆಜ್ಞೆ ಇದ್ದರೂ ಅವರು ಏರಿಸಿ ಸೆರೆಯಾದರು. ಅದೇ ತಿಂಗಳು 25ರಂದು ವಿದುರಾಶ್ವತ್ಥದಲ್ಲಿ ಗುಂಡು ಹಾರಿ ಅನೇಕರು ಮಡಿದರು. ಸರ್ದಾರ್ ಪಟೇಲರು ಬಂದು ದಿವಾನ್ ಮಿರ್ಜಾ ಇಸ್ಮಾಯಿಲರೊಂದಿಗೆ ಮಾತನಾಡಿದ ಮೇಲೆ ಧ್ವಜದ ವ್ಯಾಜ್ಯ ತೀರಿತು; ಜವಾಬ್ದಾರಿ ಸರ್ಕಾರವು ಮಾತ್ರ ಬರಲಿಲ್ಲ.

1947ರ ಆಗಸ್ಟಿನಲ್ಲಿ ಮೈಸೂರು ಭಾರತದ ಒಕ್ಕೂಟಕ್ಕೆ ಸೇರಿತು. ದೇಶಕ್ಕೆಲ್ಲ ಸ್ವಾತಂತ್ರ್ಯ ಬಂದಿರಲು ಮೈಸೂರಿನಲ್ಲಿ ದಿವಾನರ ಆಳಿಕೆಯೇ ಉಳಿದದ್ದನ್ನು ಸಹಿಸದೆ ರೆಡ್ಡಿಯವರು ಸೆಪ್ಟೆಂಬರ್ 1ರಿಂದ ಮೈಸೂರು ಚಲೋ ಎಂಬ ಸತ್ಯಾಗ್ರಹವನ್ನು ನಡೆಸಿ ಸೆರೆಮನೆ ಸೇರಿದರು. ಮೇಲಧಿಕಾರಿಗಳಿಗೆ ಅಧೀನರಾಗಿರಬೇಕೆಂದು ಅಪೊಸ್ತಲನಾದ ಪೌಲನು ರೋಮಾಪುರದವರಿಗೆ ಬರೆದದ್ದನ್ನು ಓದುವ ನಾವು, ಆಜ್ಞೆ ಮೀರಿದವರನ್ನು ಹೊಗಳಬಹುದೋ ಎಂದು ಯಾರಾದರೂ ಕೇಳಾರು. ಕೇಳತಕ್ಕ ಪ್ರಶ್ನೆಯೇ ಸರಿ. ರೆಡ್ಡಿಯವರು ಅರಸರನ್ನು ಪೀಠದಿಂದ ತಳ್ಳಬೇಕೆನ್ನಲಿಲ್ಲ. ಅರಸರ ಆಶ್ರಯದಲ್ಲಿಯೇ ಪ್ರಜೆಗಳಿಗೆ ಲೆಕ್ಕ ಒಪ್ಪಿಸುವ ಮಂತ್ರಿಗಳು ಬೇಕೆಂದರು. ಅದಕ್ಕಾಗಿ ಬಂದ ಶಿಕ್ಷೆಯನ್ನು ತಾವೇ ಹೊತ್ತರು. ಈ ಭೇದವನ್ನು ನಮ್ಮವರು ಗಮನಿಸಬೇಕು.

ಅವರು ಸೆರೆಯಲ್ಲಿದ್ದ ಆ ದಿನಗಳಲ್ಲಿಯೇ, ಸೆಪ್ಟೆಂಬರ್ 27ರಂದು, ಮದ್ರಾಸಿನಲ್ಲಿ ಬೇರೆಬೇರೆ ಮಿಷನ್ನುಗಳ ಸಭೆಗಳು ಒಂದಾಗಿ ದಕ್ಷಿಣ ಇಂಡಿಯಾ ಸಭೆಯಾಯಿತೆಂಬುದನ್ನು ಇಲ್ಲಿ ನೆನೆಯದಿರಲಾರೆವು.

ಅಕ್ಟೋಬರ್ 12ರಂದು ಒಪ್ಪಂದವಾಯಿತು. ಮಹಾರಾಜರಾದ ಜಯಚಾಮರಾಜ ಒಡೆಯರು ಜನರ ಬೇಡಿಕೆಯನ್ನು ಮನ್ನಿಸಿದರು. ಆ ತಿಂಗಳು ಮುಗಿಯುವುದರೊಳಗೆ ರೆಡ್ಡಿಯವರು ಮೊದಲನೆಯ ಮುಖ್ಯಮಂತ್ರಿಗಳಾದರು. ಅಸ್ಪೃಶ್ಯರೆಂದು ದೂರವಿಡಲ್ಪಟ್ಟಿದ್ದ ಜನರಲ್ಲಿ ಹುಟ್ಟಿದ ಆರ್. ಚೆನ್ನಿಗರಾಮಯ್ಯನವರೂ ಆ ಮಂತ್ರಿಮಂಡಲದಲ್ಲಿದ್ದರು. ಭಾರತದ ಸಂವಿಧಾನ ಸಭೆಯಲ್ಲಿಯೂ ರೆಡ್ಡಿಯವರು ಕುಳಿತರು; ಅಸ್ಪೃಶ್ಯತೆಯನ್ನು ತೊಡೆದುಹಾಕಿದ ಸಂವಿಧಾನವು ಅಲ್ಲಿಯೇ ಸಿದ್ಧವಾಯಿತು.

ತರುವಾಯ ಅವರು ಕೇಂದ್ರದಲ್ಲಿ ಮಂತ್ರಿಗಳಾಗಿ, ಮಧ್ಯಪ್ರದೇಶದ ರಾಜ್ಯಪಾಲರಾಗಿ ಸೇವೆಮಾಡಿ, 1976ರ ಫೆಬ್ರವರಿಯಲ್ಲಿ ತೀರಿಕೊಂಡರು. ಅವರು ಮುಖ್ಯಮಂತ್ರಿ ಪದವಿಯನ್ನು ಬಿಟ್ಟದ್ದು 1952ರ ಮಾರ್ಚಿನಲ್ಲಿ, ಮೊದಲನೆಯ ಮಹಾಚುನಾವಣೆಯ ಬೆನ್ನಿಗೆ. ಆ ಚುನಾವಣೆಯಲ್ಲಿ 21 ವರುಷ ತುಂಬಿದ ಗಂಡಸರೂ ಹೆಂಗಸರೂ, ಹೊಲವುಳ್ಳವರೂ ಇಲ್ಲದವರೂ, ತಮ್ಮ ಚೀಟಿಯನ್ನು ಪೆಟ್ಟಿಗೆಯಲ್ಲಿ ಹಾಕಿದರು.