ಜೋಸೆಫರ ತಂದೆ ಯಾರು? – ಸಂತ ಅಗಸ್ಟೀನರ ಜೀವನದಿಂದ

ಸಂತ ಜೋಸೆಫರ ತಂದೆ ಯಕೋಬ ಎನ್ನುತ್ತದೆ ಮತ್ತಾಯನ ಶುಭಸಂದೇಶ. ಹೇಲಿ ಎನ್ನುತ್ತದೆ ಲೂಕನದು. ಇಂಥ ಪ್ರಶ್ನೆಗಳಲ್ಲೇ ಯುವಕ ಅಗಸ್ಟೀನರು ಎಡವಿದರು. 354ರಲ್ಲಿ ಉತ್ತರ ಆಫ್ರಿಕಾದ ತಗಾಸ್ತೆಯಲ್ಲಿ ಹುಟ್ಟಿದ ಅವರು, ಹಳೆಯ ಒಡಂಬಡಿಕೆಯನ್ನು ಹೊಸದರ ಎದುರು ನಿಲ್ಲಿಸಿ ಹೀಗಳೆಯುತ್ತಿದ್ದ ಮಾನಿಕೇಯ ಪಂಥದವರೊಂದಿಗೆ ಸುಮಾರು 9 ವರ್ಷ ಕಳೆದರು. ತಾಯಿ ಮೋನಿಕಾ ಕಣ್ಣೀರಿಟ್ಟು ಪ್ರಾರ್ಥಿಸಿದರು. ಕಡೆಗೆ ಮಿಲಾನಿನಲ್ಲಿ ಧರ್ಮಾಧ್ಯಕ್ಷ ಅಂಬ್ರೋಸರ ಪ್ರಬೋಧನೆ ಕೇಳಿ, ಅಕ್ಷರದ ಹಿಂದಿನ ಅರ್ಥ ಹುಡುಕಲು ಕಲಿತರು. 387ರ ಪಾಸ್ಖ ಜಾಗರಣೆಯಲ್ಲಿ ದೀಕ್ಷಾಸ್ನಾನ ಪಡೆದರು.

ಹಿಪ್ಪೋ ಪಟ್ಟಣದ ಧರ್ಮಾಧ್ಯಕ್ಷರಾದ ಮೇಲೂ ಅವರು ಆ ಪ್ರಶ್ನೆಯನ್ನು ಮುಚ್ಚಿಡಲಿಲ್ಲ. ಸುಮಾರು 400ರಲ್ಲಿ ನಾಲ್ಕು ಶುಭಸಂದೇಶಗಳ ಹೊಂದಾಣಿಕೆಯ ಬಗ್ಗೆ ಗ್ರಂಥವನ್ನೇ ಬರೆದರು. ಜೋಸೆಫರಿಗೆ ಹೆತ್ತ ತಂದೆ ಒಬ್ಬರು, ದತ್ತು ಪಡೆದ ತಂದೆ ಇನ್ನೊಬ್ಬರು ಇದ್ದಿರಬಹುದೆಂದು ವಿವರಿಸಿದರು. ಸಂತ ಜೆರೋಮರಿಗೆ ಬರೆದ ಪತ್ರದಲ್ಲಿ, ಪವಿತ್ರ ಗ್ರಂಥದಲ್ಲಿ ವಿರೋಧ ಕಂಡರೆ ನಕಲು ತಪ್ಪಿರಬಹುದು, ಅನುವಾದ ತಪ್ಪಿರಬಹುದು, ಇಲ್ಲವೇ ತಮಗೇ ಅರ್ಥವಾಗಿರಲಿಕ್ಕಿಲ್ಲ ಎಂದು ತಿಳಿಸಿದರು. 430ರ ಆಗಸ್ಟ್ 28ರಂದು ಪ್ರಭುವಿನಲ್ಲಿ ನಿದ್ರಿಸಿದರು.

ಪೂಜೆಯಲ್ಲಿ ತಮಿಳಿನಲ್ಲಿ ಕೇಳಿದ ವಾಚನವನ್ನು ಮನೆಯಲ್ಲಿ ಕನ್ನಡದಲ್ಲಿ ಓದುವ ಮೇಚೇರಿಯ ನಮಗೆ ಅವರ ಈ ದಾರಿ ಹತ್ತಿರದ್ದು. ಮಕ್ಕಳು ಇಂಥ ಪ್ರಶ್ನೆ ಕೇಳಿದರೆ ಗದರಬೇಡಿ. ಜೊತೆಗೆ ಕುಳಿತು ಮತ್ತಾಯ 1, ಲೂಕ 3 ಎರಡನ್ನೂ ಓದಿ.