ಹಂಪೆಯನ್ನು ಕಾಗದದಲ್ಲಿ ಉಳಿಸಿದ ಕರ್ನಲ್ ಗ್ರೀನ್‌ಲಾ

ಹಂಪೆಯ ವಿಠ್ಠಲ ದೇವಸ್ಥಾನದ ಕಲ್ಲಿನ ರಥ ನಮಗೆಲ್ಲರಿಗೂ ಪರಿಚಿತ. 2017ರಿಂದ ಐವತ್ತು ರೂಪಾಯಿಯ ನೋಟಿನಲ್ಲಿಯೂ ಅದರ ಚಿತ್ರವಿದೆ. ಆದರೆ ಆ ರಥದ ಮೇಲೆ ಹಿಂದೆ ಇಟ್ಟಿಗೆಯ ಗೋಪುರವೂ ಇತ್ತೆಂಬುದು ನಮ್ಮಲ್ಲಿ ಹಲವರಿಗೆ ತಿಳಿದಿರಲಾರದು. ಇಂದು ಇಲ್ಲವಾಗಿರುವ ಆ ಗೋಪುರವನ್ನು 1856ರ ಒಂದು ಛಾಯಾಚಿತ್ರದಲ್ಲಿ ಕಾಣಬಹುದು. ಅದನ್ನು ತೆಗೆದವರು ಅಲೆಕ್ಸಾಂಡರ್ ಗ್ರೀನ್‌ಲಾ.

1818ರಲ್ಲಿ ಜನಿಸಿದ ಗ್ರೀನ್‌ಲಾ ಅವರು ಈಸ್ಟ್ ಇಂಡಿಯಾ ಕಂಪೆನಿಯ ಮದ್ರಾಸ್ ಸೈನ್ಯದಲ್ಲಿ ಅಧಿಕಾರಿಯಾಗಿದ್ದರು. ಛಾಯಾಗ್ರಹಣ ಆಗಿನ್ನೂ ಎಳೆಯ ವಿದ್ಯೆ. ಒಂದು ವರ್ಷ ಮುಂಚೆ, 1855ರಲ್ಲಿ, ಥಾಮಸ್ ಬಿಗ್ಸ್ ಎಂಬ ಇನ್ನೊಬ್ಬ ಸೇನಾಧಿಕಾರಿ ಈಗಿನ ಬಾಗಲಕೋಟೆ ಜಿಲ್ಲೆಯ ಲೋಕಾಪುರದಿಂದ ಹೆಚ್ಚು ದೂರವಿಲ್ಲದ ಬಾದಾಮಿ ಮತ್ತು ಐಹೊಳೆಯ ದೇವಾಲಯಗಳ ಚಿತ್ರ ತೆಗೆದಿದ್ದರು. ಬಿಗ್ಸ್ ಅವರನ್ನು ಆ ಕೆಲಸಕ್ಕೆ ಸರಕಾರವೇ ನೇಮಿಸಿತ್ತು. ಗ್ರೀನ್‌ಲಾ ಅವರಿಗಾದರೋ ಅದು ಸ್ವಂತ ಹವ್ಯಾಸ.

ಅವರ ಕ್ಯಾಮೆರಾ ಇಂದಿನವರಿಗೆ ವಿಚಿತ್ರವೆನಿಸಬಹುದು. ಅದರ ನೆಗೆಟಿವ್ ಸುಮಾರು 16 ಅಂಗುಲ ಅಗಲ, 18 ಅಂಗುಲ ಉದ್ದವಿತ್ತು. ಅಂದು ಚಿತ್ರವನ್ನು ದೊಡ್ಡದು ಮಾಡುವ ಸೌಲಭ್ಯ ಸುಲಭವಿರಲಿಲ್ಲ. ನೆಗೆಟಿವ್ ಎಷ್ಟು ದೊಡ್ಡದೋ ಚಿತ್ರವೂ ಅಷ್ಟೇ ದೊಡ್ಡದು. ಆದ್ದರಿಂದ ದೊಡ್ಡ ಚಿತ್ರ ಬೇಕಾದವರು ದೊಡ್ಡ ಪೆಟ್ಟಿಗೆಯನ್ನೇ ಹೊರಿಸಿಕೊಂಡು ಹೋಗಬೇಕಿತ್ತು.

ಆ ನೆಗೆಟಿವ್ ಗಾಜಿನದ್ದಲ್ಲ, ಕಾಗದದ್ದು. 1841ರಲ್ಲಿ ಇಂಗ್ಲೆಂಡಿನ ಟಾಲ್ಬಟ್ ಅವರು ಪೇಟೆಂಟ್ ಪಡೆದ ಈ ವಿಧಾನಕ್ಕೆ ಕ್ಯಾಲೊಟೈಪ್ ಎಂದು ಹೆಸರು. ಒಳ್ಳೆಯ ಕಾಗದಕ್ಕೆ ಬೆಳ್ಳಿಯ ಲವಣ ಲೇಪಿಸಿ, ಕ್ಯಾಮೆರಾದಲ್ಲಿಟ್ಟು ನಿಮಿಷಗಟ್ಟಲೆ ಬೆಳಕು ಕೊಡಬೇಕು. ಬಳಿಕ ಗ್ಯಾಲಿಕ್ ಆಮ್ಲದಲ್ಲಿ ತೊಳೆದಾಗ ಚಿತ್ರ ಮೂಡುತ್ತದೆ. ಕಾಗದಕ್ಕೆ ಮೇಣ ಸವರಿದರೆ ಬೆಳಕು ಹಾಯುತ್ತದೆ. ಅದನ್ನು ಇನ್ನೊಂದು ಕಾಗದದ ಮೇಲಿಟ್ಟು ಬಿಸಿಲಿಗೆ ಹಿಡಿದು ಪ್ರತಿ ಮಾಡುತ್ತಿದ್ದರು. 1851ರಲ್ಲೇ ಗಾಜಿನ ಫಲಕದ ಹೊಸ ವಿಧಾನ ಬಂದಿತ್ತು. ಆದರೆ ಲೇಪ ಒಣಗುವ ಮೊದಲೇ ಚಿತ್ರ ತೆಗೆದು ತೊಳೆದು ಮುಗಿಸಬೇಕಾದ ಆ ವಿಧಾನ ನಮ್ಮ ನಾಡಿನ ಸೆಕೆಗೆ ಒಗ್ಗುತ್ತಿರಲಿಲ್ಲ. ಗ್ರೀನ್‌ಲಾ ಅವರು ಕಾಗದವನ್ನೇ ನೆಚ್ಚಿಕೊಂಡರು. ಇಲ್ಲಿನ ಹವೆಗೆ ತಕ್ಕಂತೆ ಲೇಪದ ಪಾಕವನ್ನು ಹದಗೊಳಿಸಿ, ತಮ್ಮ ಕ್ರಮವನ್ನು ಬರೆದು ಪ್ರಕಟಿಸಿದರು.

1870ರಲ್ಲಿ ಅವರು ತೀರಿಕೊಂಡರು. ಹಂಪೆಯ ಅವರ ಸುಮಾರು 60 ನೆಗೆಟಿವ್‌ಗಳನ್ನು ಶತಮಾನಕ್ಕೂ ಹೆಚ್ಚು ಕಾಲ ಯಾರೂ ಗಮನಿಸಲಿಲ್ಲ. 1980ರ ಸುಮಾರಿಗೆ ಅವು ಇಂಗ್ಲೆಂಡಿನ ಖಾಸಗಿ ಸಂಗ್ರಹವೊಂದರಲ್ಲಿ ಬೆಳಕಿಗೆ ಬಂದವು. 1983ರಲ್ಲಿ ಆಸ್ಟ್ರೇಲಿಯದ ಛಾಯಾಗ್ರಾಹಕ ಜಾನ್ ಗೋಲಿಂಗ್ಸ್ ಅವರು ಹಂಪೆಗೆ ಬಂದು, ಗ್ರೀನ್‌ಲಾ ನಿಂತಿದ್ದ ಜಾಗಗಳನ್ನೇ ಹುಡುಕಿ ಅವೇ ನೋಟಗಳನ್ನು ಮತ್ತೆ ಸೆರೆಹಿಡಿದರು. ಎರಡನ್ನೂ ಜೊತೆಗಿಟ್ಟು ನೋಡಿದರೆ ಏನು ಉಳಿದಿದೆ, ಏನು ಅಳಿದಿದೆ ಎಂಬುದು ಸ್ಪಷ್ಟವಾಗುತ್ತದೆ. ಹಂಪೆಯ ಅಧ್ಯಯನ ನಡೆಸುವವರಿಗೆ ಇದು ದೊಡ್ಡ ಆಧಾರವಾಯಿತು.

ಹಳೆಯ ವಿಧಾನಗಳಲ್ಲಿ ಪ್ರಯೋಗ ಮಾಡುವ ಹವ್ಯಾಸಿಗಳು ಇಂದಿಗೂ ಕಾಗದದ ನೆಗೆಟಿವ್ ತಯಾರಿಸಲು ಗ್ರೀನ್‌ಲಾ ಅವರ ಪಾಕವನ್ನು ಅನುಸರಿಸುತ್ತಾರೆ. ನಾವೆಲ್ಲರೂ ಮೊಬೈಲಿನಲ್ಲಿ ದಿನಕ್ಕೆ ಹತ್ತಾರು ಚಿತ್ರ ತೆಗೆಯುತ್ತೇವೆ. ಅವುಗಳಲ್ಲಿ ಉಳಿಯುವವು ಎಷ್ಟು? ನಮ್ಮ ಮನೆಗಳ, ಚರ್ಚುಗಳ ಕಪಾಟಿನಲ್ಲಿಯೂ ಹಳೆಯ ಫೋಟೋ, ನೆಗೆಟಿವ್‌ಗಳು ಇರಬಹುದು. ಕೆಡವಿದ ಹಳೆಯ ಇಗರ್ಜಿ, ಶಾಲೆ, ಮನೆಗಳ ಗುರುತು ಅವುಗಳಲ್ಲಿ ಮಾತ್ರ ಉಳಿದಿರಬಹುದು. ಕಸವೆಂದು ಎಸೆಯುವ ಮೊದಲು ಅವುಗಳನ್ನು ಒಮ್ಮೆ ಬೆಳಕಿಗೆ ಹಿಡಿದು ನೋಡೋಣ, ಹಿಂದೆ ಊರು ಮತ್ತು ಇಸವಿ ಬರೆದಿಡೋಣ.